ಗೇಟಿನಿಂದ ವಾಪಸ್ ಬಂದ ಭಾನುವಾರ

ಇಂಟರ್ನಲ್ಸ್ ಮುಗಿದ ವಾರ. ಸವಳಂಗ ರಸ್ತೆಯ ನಮ್ಮ ರೂಮಿನಿಂದ ಬೆಳಗಿನ ಐದು ಗಂಟೆಗೆ ಎರಡು ಬೈಕಿನಲ್ಲಿ ನಾಲ್ವರು ಹೊರಟೆವು. ಭದ್ರಾವತಿಯಲ್ಲಿ ಟೀ, ತರೀಕೆರೆಯಲ್ಲಿ ಇಡ್ಲಿ, ಲಿಂಗದಹಳ್ಳಿ ದಾಟಿದ ಮೇಲೆ ಘಟ್ಟದ ಚಳಿ. ಗುರಿ ಮುಳ್ಳಯ್ಯನಗಿರಿ. 1,930 ಮೀಟರ್ ಎತ್ತರದ, ಕರ್ನಾಟಕದ ಅತಿ ಎತ್ತರದ ಶಿಖರ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುವವರಿಗೆ ಜೋಗ, ಕೊಡಚಾದ್ರಿ ಆದ ಮೇಲೆ ಮುಂದಿನ ಹೆಸರೇ ಅದು.

ಕೈಮರದ ಚೆಕ್‌ಪೋಸ್ಟಿಗೆ ಬಂದಾಗ ಒಂಬತ್ತು ಗಂಟೆ ಹತ್ತಿರ. ಉದ್ದಕ್ಕೆ ವಾಹನಗಳ ಸಾಲು. ನಮ್ಮ ಸರದಿ ಬಂದಾಗ ಸಿಬ್ಬಂದಿಯೊಬ್ಬರು ಕೇಳಿದ್ದು ಒಂದೇ ಮಾತು: ‘ಬುಕ್ಕಿಂಗ್ ಇದ್ಯೇನ್ರಪ್ಪಾ?’

ಮೂವರೂ ನನ್ನ ಮುಖ ನೋಡಿದರು. ಯಾಕೆಂದರೆ ಗುರುವಾರ ಮೆಸ್ಸಿನಲ್ಲಿ ಕೂತು ‘ಬುಕ್ಕಿಂಗ್ ಏನೋ ಇದೆಯಂತೆ, ನಾನ್ ನೋಡ್ಕೊಳ್ತೀನಿ ಬಿಡ್ರೋ’ ಅಂದಿದ್ದವನು ನಾನೇ. ನೋಡಿಕೊಂಡಿರಲಿಲ್ಲ. ಅಲ್ಲೇ ಮೊಬೈಲ್ ತೆಗೆದು ಹುಡುಕಿದೆ. ಬೆಳಗಿನ ಪಾಳಿಯೂ ಭರ್ತಿ, ಮಧ್ಯಾಹ್ನದ ಪಾಳಿಯೂ ಭರ್ತಿ. ‘ಸರ್, ಬೈಕ್ ಅಷ್ಟೇ, ಎರಡೇ ಎರಡು ಬೈಕ್. ಶಿವಮೊಗ್ಗದಿಂದ ಬಂದಿದೀವಿ’ ಎಂದು ಗೋಗರೆದೆವು. ‘ಎಲ್ಲರೂ ಎಲ್ಲಿಂದಾದ್ರೂ ಬಂದಿರ್ತಾರಲ್ಲಪ್ಪಾ. ಸೈಡಿಗೆ ಹಾಕಿ, ಹಿಂದಿನವರಿಗೆ ದಾರಿ ಬಿಡಿ’ ಎಂದರು. ಗದರಲಿಲ್ಲ, ಅಷ್ಟೇ.

ಅಲ್ಲಿಂದ ಮುಂದಿನ ಒಂದು ಗಂಟೆ ನಾವು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಬೆಟ್ಟ ಯಾರಪ್ಪನದ್ದು, ಗಾಳಿಗೂ ಟಿಕೆಟ್ ಹಾಕ್ತಾರಾ, ದುಡ್ಡಿದ್ದವರ ಕಾರು ಬಿಡ್ತಾರೆ ಸ್ಟೂಡೆಂಟ್ಸ್ ಬೈಕ್ ಬಿಡಲ್ಲ. ಹೀಗೆ. ಕೋಪಕ್ಕೆ ಒಂದು ಗುರಿ ಬೇಕಿತ್ತು. ಆಗ ನನಗೆ ಒಂದು ರೀಲ್ಸ್ ನೆನಪಾಯಿತು. ಆ ಸುತ್ತಿನಲ್ಲೇ ಕಾಫಿ ತೋಟದ ಅಂಚಿನಲ್ಲಿ ಒಂದು ಹಳ್ಳ, ಅದು ಬಂಡೆಯಿಂದ ಧುಮುಕುವ ಚಿಕ್ಕ ಜಲಪಾತ. ಬೋರ್ಡಿಲ್ಲ, ಗೇಟಿಲ್ಲ, ಕೇಳುವವರಿಲ್ಲ. ‘ಅಲ್ಲಿಗೆ ಹೋಗಣ’ ಎಂದವನೂ ನಾನೇ.

ನಮಗಿಂತ ಮೊದಲೇ ಅಲ್ಲಿ ಏಳೆಂಟು ಬೈಕು ನಿಂತಿದ್ದವು. ಅವರಲ್ಲೂ ಕೆಲವರು ಗೇಟಿನಿಂದ ವಾಪಸ್ ಬಂದವರೇ. ನೀರಿಗಿಳಿದು ಹತ್ತು ನಿಮಿಷವೂ ಆಗಿರಲಿಲ್ಲ, ಹಾವೇರಿಯ ಗೆಳೆಯ ಪಾಚಿ ಕಟ್ಟಿದ ಬಂಡೆಯ ಮೇಲೆ ಜಾರಿದ. ಬಿದ್ದ ರಭಸಕ್ಕೆ ಬಲಗೈ ಊರಿದ. ಎದ್ದಾಗ ಮಣಿಕಟ್ಟು ಸೊಟ್ಟಗಾಗಿತ್ತು. ಅವನು ಅರ್ಧ ಅಡಿ ಆಚೆ ಬಿದ್ದಿದ್ದರೆ ಕೈ ಊರಲು ಬಂಡೆಯೇ ಇರುತ್ತಿರಲಿಲ್ಲ, ಕೆಳಗಿನ ಗುಂಡಿ ಇರುತ್ತಿತ್ತು. ಈಗಲೂ ರಾತ್ರಿ ಮಲಗಿದಾಗ ನನಗೆ ಆ ಅರ್ಧ ಅಡಿ ಕಣ್ಣ ಮುಂದೆ ಬರುತ್ತದೆ.

ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ತೋಟದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಅಮ್ಮ ತಮ್ಮ ಟವೆಲ್ ಕೊಟ್ಟು ಕೈಯನ್ನು ಕುತ್ತಿಗೆಗೆ ಕಟ್ಟಿಸಿದರು. ಅವರ ಜೊತೆಗಿದ್ದ ವಯಸ್ಸಾದ ಯಜಮಾನರು ಮೇನ್ ರೋಡಿನವರೆಗೆ ನಡೆದು ಬಂದು ಒಂದು ಪಿಕಪ್ ನಿಲ್ಲಿಸಿಕೊಟ್ಟರು. ದಾರಿಯುದ್ದಕ್ಕೂ ಅವರು ಹೇಳಿದ್ದು ಇಷ್ಟೇ: ‘ಮೇಲೆ ಬಿಡ್ಲಿಲ್ಲ ಅಂತ ಇಲ್ಲಿಗ್ ಬಂದ್ರಾ? ಈಗ ವಾರ ವಾರ ಇದೇ ಆಗೋಯ್ತು ಮಾರಾಯ್ರೇ.’

ಆ ಒಂದು ವಾಕ್ಯದಿಂದಲೇ ಈ ಲೇಖನ ಹುಟ್ಟಿದ್ದು.

ಬೆಟ್ಟಕ್ಕೂ ಲೆಕ್ಕ ಇದೆ

ಗೆಳೆಯನ ಕೈಗೆ ಪ್ಲಾಸ್ಟರ್ ಹಾಕಿಸಿ ರೂಮಿಗೆ ಬಂದ ಮೇಲೆ, ತಪ್ಪು ಯಾರದು ಎಂದು ತಿಳಿಯುವ ಹಟಕ್ಕೆ ಓದಲು ಶುರು ಮಾಡಿದೆ. ತಪ್ಪು ಅವರದೇ ಎಂದು ಸಾಬೀತು ಮಾಡುವುದು ನನ್ನ ಆಸೆಯಾಗಿತ್ತು, ಸುಳ್ಳು ಹೇಳುವುದಿಲ್ಲ.

ಮುಳ್ಳಯ್ಯನಗಿರಿ ಭಾಗಕ್ಕೆ ಹೋಗುವ ಪ್ರವಾಸಿಗರು ಮೊದಲೇ ಆನ್‌ಲೈನ್‌ನಲ್ಲಿ ನೋಂದಣಿ ಮಾಡಬೇಕೆಂಬ ವ್ಯವಸ್ಥೆಯನ್ನು ಚಿಕ್ಕಮಗಳೂರು ಜಿಲ್ಲಾಡಳಿತ 2025ರ ಸೆಪ್ಟೆಂಬರ್ 1ರಿಂದ ತಂದಿತು. ಬೆಳಗ್ಗೆ 6ರಿಂದ 12ರವರೆಗೆ 600 ವಾಹನ, ಮಧ್ಯಾಹ್ನ 1ರಿಂದ 6ರವರೆಗೆ 600 ವಾಹನ. ಒಟ್ಟು ದಿನಕ್ಕೆ 1,200. ಒಂದು ಕಡೆ ಕಡಿದಾದ ಗುಡ್ಡ, ಇನ್ನೊಂದು ಕಡೆ ಪ್ರಪಾತ, ನಡುವೆ ಕಿರಿದಾದ ತಿರುವುಗಳ ರಸ್ತೆ. ಮಳೆಗಾಲದಲ್ಲಿ ಮಣ್ಣು ಜಾರುವ ಜಾಗ. ಎದುರುಬದುರಾದ ಎರಡು ಟೆಂಪೊ ಟ್ರಾವೆಲರ್ ಸಿಕ್ಕಿಹಾಕಿಕೊಂಡರೆ ಇಡೀ ಬೆಟ್ಟವೇ ನಿಂತುಬಿಡುತ್ತದೆ. ಆ ಹೊತ್ತಿನಲ್ಲಿ ಮೇಲೆ ಯಾರಿಗಾದರೂ ಎದೆನೋವು ಬಂದರೆ ಆಂಬುಲೆನ್ಸ್ ಹೋಗುವುದು ಹೇಗೆ?

ಇದಕ್ಕೂ ಮುಂಚಿನ ಕಥೆ ಕುಮಾರ ಪರ್ವತದ್ದು. 2024ರ ಗಣರಾಜ್ಯೋತ್ಸವ ಶುಕ್ರವಾರ ಬಂದಿತ್ತು. ಮೂರು ದಿನದ ಸಾಲು ರಜೆ. 1,712 ಮೀಟರ್ ಎತ್ತರದ ಆ ಬೆಟ್ಟದ ಚೆಕ್‌ಪೋಸ್ಟ್ ಬಳಿ ಜಾತ್ರೆಯಂತೆ ಜನ ಕಿಕ್ಕಿರಿದ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ನಾವೆಲ್ಲ ಅದನ್ನು ನೋಡಿ ನಕ್ಕು ಮುಂದೆ ಕಳಿಸಿದ್ದೆವು. ಅದಾದ ಮೇಲೆ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಬುಕ್ಕಿಂಗ್ ಇಲ್ಲದ ಚಾರಣಗಳನ್ನು ತಡೆಹಿಡಿಯಲು ಸೂಚಿಸಿದರು. ಅದೇ ವರ್ಷ ‘ಅರಣ್ಯ ವಿಹಾರ’ ಎಂಬ ಜಾಲತಾಣ ಬಂತು. ಒಂದು ಚಾರಣ ಪಥಕ್ಕೆ ದಿನಕ್ಕೆ ಹೆಚ್ಚೆಂದರೆ 300 ಜನ ಎಂಬ ಮಿತಿ ಬಂತು.

ಈ 300, 600 ಎಂಬ ಅಂಕಿಗಳು ಬರುವುದು ಎಲ್ಲಿಂದ? ಯಾರೋ ಕೂತು ಬಾಯಿಗೆ ಬಂದದ್ದು ಬರೆದದ್ದಾ? ನಮ್ಮ ಶಾಸ್ತ್ರಕ್ಕೆ ಹತ್ತಿರವಾದ ಪ್ರಶ್ನೆ ಇದು, ಹಾಗಾಗಿ ಬಿಡಲಿಲ್ಲ.

ಹುಲಿ ಸಂರಕ್ಷಿತ ಪ್ರದೇಶಗಳಿಗೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ 2012ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಒಂದು ಲೆಕ್ಕದ ವಿಧಾನವಿದೆ. ಅದನ್ನು ಧಾರಣಾ ಸಾಮರ್ಥ್ಯ ಎನ್ನುತ್ತಾರೆ. ಮೂರು ಮೆಟ್ಟಿಲು. ಮೊದಲನೆಯದು, ದಾರಿ ಎಷ್ಟು ಉದ್ದ, ಒಂದು ವಾಹನಕ್ಕೂ ಇನ್ನೊಂದಕ್ಕೂ ಎಷ್ಟು ಅಂತರ ಬೇಕು, ದಿನಕ್ಕೆ ಎಷ್ಟು ಸುತ್ತು ಸಾಧ್ಯ ಎಂದು ಗುಣಿಸಿ ಒಂದು ದೊಡ್ಡ ಸಂಖ್ಯೆ ತೆಗೆಯುವುದು. ಎರಡನೆಯದು, ಮಳೆ, ಮಣ್ಣಿನ ಸವಕಳಿ, ಪ್ರಾಣಿಗಳಿಗೆ ಆಗುವ ತೊಂದರೆ ಎಂದು ಒಂದೊಂದಕ್ಕೂ ಶೇಕಡಾವಾರು ಕಡಿತ ಮಾಡುತ್ತಾ ಬರುವುದು. ಮೂರನೆಯದು, ಅಷ್ಟು ಜನರನ್ನು ನೋಡಿಕೊಳ್ಳಲು ನಿಮ್ಮ ಬಳಿ ಎಷ್ಟು ಸಿಬ್ಬಂದಿ ಇದ್ದಾರೆ ಎಂದು ನೋಡಿ ಮತ್ತೆ ಇಳಿಸುವುದು. ಅಂದರೆ ಬೆಟ್ಟ ಸಾವಿರ ಜನರನ್ನು ಹೊತ್ತರೂ, ನೋಡಿಕೊಳ್ಳುವ ಗಾರ್ಡ್ ಇಬ್ಬರೇ ಇದ್ದರೆ ಸಂಖ್ಯೆ ಕೆಳಗಿಳಿಯುತ್ತದೆ. ನಮ್ಮ ಲ್ಯಾಬಿನಂತೆ. ಕೊಠಡಿಯಲ್ಲಿ ಅರವತ್ತು ಜನಕ್ಕೆ ಜಾಗವಿದ್ದರೂ ಬ್ಯಾಚಿಗೆ ಇಪ್ಪತ್ತೇ ಜನ. ಯಾಕೆಂದರೆ ಕಿಟ್ ಇರುವುದು ಹತ್ತು, ಇನ್‌ಸ್ಟ್ರಕ್ಟರ್ ಒಬ್ಬರು.

ರೈಲ್ವೆ ಗೇಟು ಕಲಿಸಿದ ಪಾಠ

ನಾನು ಚಿಕ್ಕವನಿದ್ದಾಗ ಶಿಕಾರಿಪುರದ ಕಡೆಯಿಂದ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರುತ್ತಿದ್ದೆವು. ಸವಳಂಗ ರಸ್ತೆಯ ರೈಲ್ವೆ ಗೇಟ್ ಬಿತ್ತೆಂದರೆ ಅಮ್ಮ ಚೀಲದಿಂದ ಕಡಲೆಕಾಯಿ ತೆಗೆಯುತ್ತಿದ್ದಳು. ಅಷ್ಟು ಹೊತ್ತು. ಈಗ ಮೇಲ್ಸೇತುವೆ ಆಗಿದೆ, ಕಡಲೆಕಾಯಿ ತಿನ್ನಲು ಸಮಯವಿಲ್ಲ. ರಸ್ತೆಯ ಸಮಸ್ಯೆಗೆ ನಾವು ಕಲಿತ ಉತ್ತರ ಇದೇ: ಅಗಲ ಮಾಡು, ಮೇಲೆತ್ತು, ಬೇಗ ಕಳಿಸು.

ಬೆಟ್ಟಕ್ಕೆ ಈ ಉತ್ತರ ನಡೆಯುವುದಿಲ್ಲ. ರಸ್ತೆ ಅಗಲ ಮಾಡಿದರೆ ಜನ ಬೇಗ ಮೇಲೆ ತಲುಪುತ್ತಾರೆ, ಅಷ್ಟೇ. ಮೇಲಿನ ತುದಿ ಅಗಲವಾಗುವುದಿಲ್ಲ. ಸಾಲು ರಸ್ತೆಯಿಂದ ಶಿಖರಕ್ಕೆ ಸ್ಥಳಾಂತರವಾಗುತ್ತದೆ.

1961ರಲ್ಲಿ ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸ ಗಣಿತದ ಮೂಲಕ ಸಾಧಿಸಿ ತೋರಿಸಿದ ಒಂದು ಸರಳ ನಿಯಮವಿದೆ. ಒಂದು ಜಾಗದಲ್ಲಿ ಸರಾಸರಿ ಎಷ್ಟು ಜನ ಇರುತ್ತಾರೆ ಎಂದರೆ, ಗಂಟೆಗೆ ಬರುವವರ ಸಂಖ್ಯೆಯನ್ನು ಒಬ್ಬೊಬ್ಬರು ಉಳಿಯುವ ಗಂಟೆಗಳಿಂದ ಗುಣಿಸಿದಷ್ಟು. ಬ್ಯಾಂಕಿನ ಸಾಲು, ಆಸ್ಪತ್ರೆಯ ವಾರ್ಡು, ಸರ್ವರಿಗೆ ಬರುವ ವಿನಂತಿ ಎಲ್ಲಕ್ಕೂ ಇದೇ ಲೆಕ್ಕ. ಬೆಟ್ಟಕ್ಕೆ ಹಾಕಿ ನೋಡಿ. ಆರು ಗಂಟೆಯಲ್ಲಿ 600 ವಾಹನ ಅಂದರೆ ಗಂಟೆಗೆ 100. ಪ್ರತಿಯೊಬ್ಬರೂ ಒಂದು ಗಂಟೆ ಇದ್ದು ಇಳಿದರೆ ಮೇಲೆ ಒಮ್ಮೆಗೆ 100 ವಾಹನ. ಎರಡು ಗಂಟೆ ಇದ್ದರೆ 200. ಮೂರು ಗಂಟೆ ಇದ್ದರೆ 300. ಗೇಟಿನಲ್ಲಿ ಸಂಖ್ಯೆ ಬದಲಾಗಲೇ ಇಲ್ಲ, ಮೇಲೆ ದಟ್ಟಣೆ ಮೂರು ಪಟ್ಟಾಯಿತು. ಮೂರನೇ ಗಂಟೆ ಯಾಕೆ ಬೇಕು? ಮಂಜು ಬರಲಿ, ಬಂದ ಮೇಲೆ ರೀಲ್ಸ್ ಮಾಡೋಣ, ಸರಿ ಬರಲಿಲ್ಲ ಇನ್ನೊಮ್ಮೆ ಮಾಡೋಣ. ಇದು ನನ್ನದೇ ಅಭ್ಯಾಸ, ಬೇರೆಯವರಿಗೆ ಹೇಳುತ್ತಿಲ್ಲ.

ಇನ್ನೂ ಒಂದಿದೆ. ಜನ ಸಮವಾಗಿ ಬರುವುದಿಲ್ಲ. ಎಲ್ಲರಿಗೂ ಸೂರ್ಯೋದಯವೇ ಬೇಕು. 600ರಲ್ಲಿ 300 ವಾಹನ ಮೊದಲ ಗಂಟೆಯಲ್ಲೇ ಹತ್ತಿದರೆ ಮಿತಿ ಇದ್ದೂ ಇಲ್ಲದಂತೆ. ಹಾಗಾಗಿ ಆರು ಗಂಟೆಯ ಪಾಳಿಯ ಬದಲು ಗಂಟೆಗೊಂದು ಪಾಳಿ ಮಾಡಿದರೆ ಅದೇ 600 ವಾಹನ ಇನ್ನೂ ಹಗುರವಾಗಿ ಹೋಗಿಬರಬಹುದು ಎಂಬುದು ನನ್ನ ಲೆಕ್ಕ. ವಾಹನ ಎಣಿಸುವುದೂ ಅರ್ಧ ಸತ್ಯವೇ. ಬೈಕಿನಲ್ಲಿ ಇಬ್ಬರು, ಟೆಂಪೊದಲ್ಲಿ ಹನ್ನೆರಡು ಜನ.

ಸಂಖ್ಯೆಯೊಂದೇ ಅಲ್ಲ

ಓದುತ್ತಾ ಹೋದಂತೆ ನನಗೆ ಅಚ್ಚರಿಯಾದದ್ದು, ಈ ಕ್ಷೇತ್ರದವರೇ ‘ಎಷ್ಟು ಜನ ಅಂದರೆ ಹೆಚ್ಚು?’ ಎಂಬ ಪ್ರಶ್ನೆಯನ್ನು ಬದಲಿಸಿಕೊಂಡಿದ್ದಾರೆ ಎಂಬುದು. 1985ರಲ್ಲಿ ಅಮೆರಿಕದ ಅರಣ್ಯ ಸೇವೆಯ ಸಂಶೋಧಕರು ಬೇರೆ ಪ್ರಶ್ನೆ ಇಟ್ಟರು: ‘ಈ ಜಾಗದಲ್ಲಿ ಎಷ್ಟು ಬದಲಾವಣೆಯನ್ನು ನಾವು ಒಪ್ಪುತ್ತೇವೆ?’ ಜನ ಬಂದ ಮೇಲೆ ಏನೂ ಬದಲಾಗದ ಜಾಗವೇ ಇಲ್ಲ. ಹಾಗಾಗಿ ದಾರಿ ಎಷ್ಟು ಅಡಿ ಅಗಲವಾದರೆ ನಿಲ್ಲಿಸಬೇಕು, ಎಷ್ಟು ಕಸ ಕಂಡರೆ ನಿಲ್ಲಿಸಬೇಕು ಎಂದು ಮೊದಲೇ ಬರೆದಿಟ್ಟು, ಆಗಾಗ ಅಳೆದು, ಗೆರೆ ದಾಟಿದ ಕೂಡಲೇ ಕ್ರಮ ಕೈಗೊಳ್ಳುವುದು. ನಮ್ಮ ಕ್ವಾಲಿಟಿ ಕಂಟ್ರೋಲ್ ಪಾಠವೇ ಇದು.

ಹುಲ್ಲಿನ ಮೇಲೆ ಕಾಲಿಡುವ ವಿಚಾರವೂ ಹಾಗೆಯೇ. ಸಾವಿರ ಜನ ನಡೆದರೆ ನೂರು ಜನ ನಡೆದದ್ದಕ್ಕಿಂತ ಹತ್ತು ಪಟ್ಟು ಹಾನಿ ಎಂದುಕೊಂಡಿದ್ದೆ. ಹಾಗಲ್ಲ. ಯಾರೂ ತುಳಿಯದ ಜಾಗದಲ್ಲಿ ಮೊದಲು ನಡೆಯುವ ಕೆಲವರೇ ಹಾನಿಯ ದೊಡ್ಡ ಪಾಲು ಮಾಡಿಬಿಡುತ್ತಾರೆ. ಈಗಾಗಲೇ ಸವೆದ ದಾರಿಯಲ್ಲಿ ಇನ್ನಷ್ಟು ಜನ ನಡೆದರೆ ಹೆಚ್ಚುವ ಹಾನಿ ಕಡಿಮೆ. ಶೋಲಾ ಬೆಟ್ಟಗಳ ಹುಲ್ಲುಗಾವಲಿಗೆ ಇದು ಮುಖ್ಯ. ಕೆಸರು ತಪ್ಪಿಸಲು ಪಕ್ಕದ ಹುಲ್ಲಿನ ಮೇಲೆ ಕಾಲಿಟ್ಟು ಹೋಗುತ್ತೇವಲ್ಲ, ‘ಶೂ ಗಲೀಜಾಗತ್ತೆ’ ಎಂದು, ಅಲ್ಲೇ ದಾರಿ ಅಗಲವಾಗುವುದು. ಕೆಸರಿನಲ್ಲೇ ನಡೆಯುವವನು ಬೆಟ್ಟಕ್ಕೆ ಉಪಕಾರ ಮಾಡುತ್ತಾನೆ.

ಇದನ್ನೆಲ್ಲ ಕಲಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ ಎನ್ನುವುದು ಆಮೇಲೆ ಹೊಳೆಯಿತು. ನಮ್ಮ ಊರ ಸುತ್ತಲೇ ಪಾಠಗಳಿವೆ. ಸಕ್ರೆಬೈಲಿನಲ್ಲಿ ಆನೆಗಳನ್ನು ನೋಡಲು ಬೆಳಗಿನ ಹೊತ್ತು ಕೆಲವೇ ಗಂಟೆ ಬಿಡುತ್ತಾರೆ. ತುಂಗೆಯ ಹಿನ್ನೀರಿನಲ್ಲಿ ಸ್ನಾನ ಮುಗಿಸಿ ಆನೆಗಳು ಕಾಡಿಗೆ ಹೋಗುತ್ತವೆ, ನಾವು ಮನೆಗೆ ಬರಬೇಕು. ಇಲ್ಲಿ ಮಿತಿ ಇರುವುದು ಗಂಟೆಯ ಮೇಲೆ. ಮಂಡಗದ್ದೆಯಲ್ಲಿ ಹಕ್ಕಿಗಳು ಗೂಡು ಕಟ್ಟುವುದು ನದಿಯ ನಡುಗಡ್ಡೆಯಲ್ಲಿ, ನಾವು ನಿಲ್ಲುವುದು ದಡದ ವೀಕ್ಷಣಾ ಗೋಪುರದಲ್ಲಿ. ನಡುವೆ ಹರಿಯುವ ತುಂಗೆಯೇ ಕಾವಲುಗಾರ. ಇಲ್ಲಿ ಮಿತಿ ಇರುವುದು ದೂರದ ಮೇಲೆ. ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿ, ಸಿಂಹಗಳು ಹೊರಗೆ ಆರಾಮವಾಗಿರುತ್ತವೆ, ಜಾಲರಿಯ ಬಸ್ಸಿನೊಳಗೆ ಇರಬೇಕಾದವರು ನಾವು. ಒಂದು ಬಸ್ಸಿನಲ್ಲಿ ಎಷ್ಟು ಸೀಟೋ ಅಷ್ಟೇ ಜನ. ಇಲ್ಲಿ ಯಾರೂ ‘ಇದು ಯಾರಪ್ಪನದ್ದು’ ಎಂದು ಜಗಳ ತೆಗೆದದ್ದನ್ನು ನಾನು ಕಂಡಿಲ್ಲ. ಕಾರಣ ಕಣ್ಣಿಗೆ ಕಾಣುತ್ತದೆ, ಸಿಂಹ ಎದುರಿಗೇ ಇದೆ. ಬೆಟ್ಟದ ಹುಲ್ಲು ಗರ್ಜಿಸುವುದಿಲ್ಲ, ಅದೇ ಕಷ್ಟ.

ಕೋಡಿ ಎಲ್ಲಿ?

ಆದರೆ ಆ ಯಜಮಾನರ ಮಾತು ಉಳಿದೇ ಇತ್ತು. ‘ಮೇಲೆ ಬಿಡ್ಲಿಲ್ಲ ಅಂತ ಇಲ್ಲಿಗ್ ಬಂದ್ರಾ?’

ನಮ್ಮ ಹಳ್ಳಿಯ ಕೆರೆ ಕಟ್ಟಿದ ಹಿರಿಯರಿಗೆ ಇದು ಗೊತ್ತಿತ್ತು. ಏರಿ ಎಷ್ಟು ಗಟ್ಟಿ ಮಾಡಿದರೂ ಕೋಡಿ ಬಿಡದಿದ್ದರೆ, ಹೆಚ್ಚಾದ ನೀರು ಏರಿಯ ದುರ್ಬಲ ಜಾಗ ಹುಡುಕಿ ಅಲ್ಲೇ ಒಡೆಯುತ್ತದೆ. ಒಂದು ಪ್ರಸಿದ್ಧ ಬೆಟ್ಟಕ್ಕೆ 1,200ರ ಮಿತಿ ಹಾಕಿದಾಗ 1,201ನೆಯವನು ಮನೆಗೆ ಹೋಗುತ್ತಾನೆ ಎಂದು ಲೆಕ್ಕ ಹಾಕಿದರೆ ತಪ್ಪು. ನೂರು ಕಿಲೊಮೀಟರ್ ಪೆಟ್ರೋಲ್ ಸುಟ್ಟು ಬಂದವನು ಹಾಗೆ ಹೋಗುವುದಿಲ್ಲ. ಅವನು ಬೋರ್ಡಿಲ್ಲದ ಹಳ್ಳಕ್ಕೆ ಹೋಗುತ್ತಾನೆ. ಅಲ್ಲಿ ಗಾರ್ಡ್ ಇಲ್ಲ, ಕಂಬಿ ಇಲ್ಲ, ಆಳ ಎಷ್ಟೆಂದು ಬರೆದಿಲ್ಲ, ಸಿಗ್ನಲ್ ಇಲ್ಲ. ಪ್ರವಾಸಿಗರ ನಿರ್ವಹಣೆಯ ಪುಸ್ತಕಗಳಲ್ಲೂ ಈ ಸಮಸ್ಯೆಗೆ ಜಾಗವಿದೆ. ಒಂದು ಕಡೆ ಬಿಗಿ ಮಾಡಿದರೆ ಒತ್ತಡ ಇನ್ನೊಂದು ಕಡೆಗೆ ಸರಿಯುತ್ತದೆ, ಸಾಮಾನ್ಯವಾಗಿ ಹೆಚ್ಚು ಸೂಕ್ಷ್ಮವಾದ, ಯಾರೂ ಕಾಯದ ಕಡೆಗೆ.

ಹಾಗಂತ ಗೇಟ್ ತೆಗೆದುಬಿಡಿ ಎಂದು ನಾನು ಹೇಳುತ್ತಿಲ್ಲ. ಗೇಟು ಸರಿಯಾಗಿಯೇ ಇದೆ. ಅದರ ಜೊತೆಗೆ ಕೋಡಿಯೂ ಬೇಕು. ಶಿವಮೊಗ್ಗದ ಕಡೆಯಿಂದ ಬರುವವನಿಗೆ ‘ಈ ದಿನದ ಬುಕ್ಕಿಂಗ್ ಮುಗಿದಿದೆ’ ಎಂದು ತರೀಕೆರೆಯಲ್ಲೇ ದೊಡ್ಡ ಕನ್ನಡ ಅಕ್ಷರದಲ್ಲಿ ಕಾಣಬೇಕು. ಆಗ ಅವನು ಘಟ್ಟ ಹತ್ತುವುದಿಲ್ಲ, ಕೋಪ ಬರುವ ಮೊದಲೇ ದಾರಿ ಬದಲಿಸುತ್ತಾನೆ. ಗೇಟಿನಲ್ಲಿ ಇಲ್ಲ ಎನ್ನುವಾಗ, ‘ಬದಲಿಗೆ ಇಲ್ಲಿಗೆ ಹೋಗಿ’ ಎಂದು ಕಾವಲಿರುವ ನಾಲ್ಕು ಜಾಗಗಳ ಹೆಸರಿರುವ ಒಂದು ಚೀಟಿ ಕೊಟ್ಟರೂ ಸಾಕು. ನಮಗೆ ಅಂದು ಬೇಕಿದ್ದದ್ದು ಎಲ್ಲಿಗಾದರೂ ಹೋಗುವ ಒಂದು ದಾರಿ ಮಾತ್ರ.

ಯಾರಿಗೆ ಸಿಗುತ್ತದೆ?

ಇನ್ನೊಂದು ಪ್ರಶ್ನೆ ನ್ಯಾಯದ್ದು. ಮೊದಲು ಬಂದವರಿಗೆ ಮೊದಲ ಆದ್ಯತೆ ಎಂಬ ನಿಯಮ ಸಮಾನವಾಗಿ ಕಾಣುತ್ತದೆ. ಆದರೆ ಒಂದು ತಿಂಗಳು ಮುಂಚೆ ರಜೆ ಯೋಜಿಸಬಲ್ಲವರಿಗೂ, ಶನಿವಾರ ರಾತ್ರಿ ಸಂಬಳ ಸಿಕ್ಕ ಮೇಲೆ ಯೋಚಿಸುವವರಿಗೂ ಅದು ಒಂದೇ ಅಲ್ಲ. ಸ್ಮಾರ್ಟ್‌ಫೋನೇ ಇಲ್ಲದ ನನ್ನ ಅಜ್ಜಿಗೆ ದತ್ತಪೀಠಕ್ಕೋ ಮುಳ್ಳಯ್ಯನ ಗದ್ದುಗೆಗೋ ಹೋಗಬೇಕೆನಿಸಿದರೆ?

ಹೊರಗಿನವರು ಇದಕ್ಕೆ ಏನು ಮಾಡಿದ್ದಾರೆ ನೋಡಿ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಉದ್ಯಾನದ ಹಾಫ್ ಡೋಮ್ ಬಂಡೆಯನ್ನು ಉಕ್ಕಿನ ಕೇಬಲ್ ಹಿಡಿದು ಹತ್ತಬೇಕು. ಜನದಟ್ಟಣೆಯಿಂದ ಕೇಬಲ್ ಮೇಲೇ ಸಿಕ್ಕಿಹಾಕಿಕೊಳ್ಳುವ ಸ್ಥಿತಿ ಬಂದಾಗ 2010ರಲ್ಲಿ ಪರವಾನಗಿ ತಂದರು. ಅಲ್ಲೂ ದಿನಕ್ಕೆ 300 ಜನವೇ. ಆದರೆ ಈಗ ಹಂಚುವುದು ಲಾಟರಿ ಮೂಲಕ. ವೇಗದ ಇಂಟರ್ನೆಟ್ ಇದ್ದವನಿಗೂ ಇಲ್ಲದವನಿಗೂ ಅದೃಷ್ಟ ಒಂದೇ. ನಮ್ಮ ಪಕ್ಕದ ತಮಿಳುನಾಡಿನಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಊಟಿ, ಕೊಡೈಕನಾಲ್‌ಗೆ ಇ-ಪಾಸ್ ಬಂತು. ಮೊದಲ ವರ್ಷ ಎಷ್ಟು ಜನ ಬರುತ್ತಾರೆ ಎಂದು ಎಣಿಸಿದರು. 2025ರ ಏಪ್ರಿಲ್‌ನಿಂದ ಬೇಸಿಗೆಯಲ್ಲಿ ಊಟಿಗೆ ವಾರದ ದಿನ 6,000, ವಾರಾಂತ್ಯ 8,000 ವಾಹನ ಎಂದು ಮಿತಿ ಹಾಕಿದರು. ಸ್ಥಳೀಯರಿಗೂ ಸರ್ಕಾರಿ ಬಸ್ಸಿಗೂ ವಿನಾಯಿತಿ. ಬಸ್ಸಿನಲ್ಲಿ ಬಂದರೆ ಪಾಸ್ ಚಿಂತೆಯಿಲ್ಲ ಎಂದಾದಾಗ ಜನ ಬಸ್ಸಿಗೆ ಬರುತ್ತಾರೆ. ಮುಳ್ಳಯ್ಯನಗಿರಿಗೂ ಕೈಮರದಿಂದ ಬಸ್ಸು ಓಡಾಡಿದರೆ ಸ್ಟೂಡೆಂಟ್‌ಗಳಿಗೂ ಅಜ್ಜಿಯರಿಗೂ ಜಾಗ ಸಿಗುತ್ತದೆ. ಐವತ್ತು ಜನಕ್ಕೆ ಇಪ್ಪತ್ತೈದು ಬೈಕಿನ ಬದಲು ಒಂದು ಬಸ್ಸು.

ಇಲ್ಲಿ ನಮ್ಮಂಥ ಓದುವವರಿಗೆ ಇನ್ನೊಂದು ವಿಷಯವಿದೆ. ಊಟಿ, ಕೊಡೈಕನಾಲ್ ಎಷ್ಟು ವಾಹನ ತಡೆದುಕೊಳ್ಳಬಲ್ಲವು ಎಂಬ ಅಧ್ಯಯನವನ್ನು ಐಐಟಿ ಮದ್ರಾಸ್ ಮತ್ತು ಐಐಎಂ ಬೆಂಗಳೂರಿಗೆ ವಹಿಸಲಾಯಿತು. ಅಂದರೆ ಇದು ಟ್ರಾಫಿಕ್ ಎಂಜಿನಿಯರಿಂಗ್, ದತ್ತಾಂಶ ವಿಶ್ಲೇಷಣೆ, ಜಲ ನಿರ್ವಹಣೆ ಓದಿದವರ ಕೆಲಸ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಎಂಜಿನಿಯರಿಂಗ್ ಪದವೀಧರರೂ ಅರ್ಹರು, ಪ್ರಿಲಿಮ್ಸ್ ಐಎಎಸ್‌ನವರ ಜೊತೆಗೇ ನಡೆಯುತ್ತದೆ ಎಂಬುದು ನಮ್ಮ ಕ್ಲಾಸಿನ ಅರ್ಧ ಜನಕ್ಕೆ ಗೊತ್ತಿಲ್ಲ. ಶಿರಸಿ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜುಗಳಿವೆ. ಪಿಯುಸಿಯಲ್ಲಿರುವ ತಮ್ಮ ತಂಗಿಯರಿಗೆ ಹೇಳಿ. ಕೆಲಸ ಅಂದರೆ ಬೆಂಗಳೂರಿನ ಟೆಕ್ ಪಾರ್ಕ್ ಒಂದೇ ಅಲ್ಲ.

ಹೊರಡುವ ಮೊದಲು

ಸರ್ಕಾರಕ್ಕೆ ಸಲಹೆ ಕೊಡುವುದು ಸುಲಭ. ನಾವು ನಾಲ್ವರು ನಮಗೇ ಹಾಕಿಕೊಂಡ ನಿಯಮಗಳನ್ನೂ ಹೇಳಿಬಿಡುತ್ತೇನೆ.

ಒಂದು, ಬುಕ್ಕಿಂಗ್ ಆದ ಮೇಲೇ ಪೆಟ್ರೋಲ್. ಸ್ಕ್ರೀನ್‌ಶಾಟ್ ಗ್ರೂಪಿಗೆ ಬೀಳುವ ತನಕ ಯಾರೂ ಬ್ಯಾಗ್ ತುಂಬುವಂತಿಲ್ಲ.

ಎರಡು, ಸಾಧ್ಯವಾದರೆ ವಾರದ ನಡುವೆ. ಸ್ಟೂಡೆಂಟ್ ಆಗಿರುವ ದೊಡ್ಡ ಲಾಭವೇ ಪರೀಕ್ಷೆ ಮುಗಿದ ಮಂಗಳವಾರ. ನೌಕರಿ ಸಿಕ್ಕ ಮೇಲೆ ಅದು ಸಿಗುವುದಿಲ್ಲ.

ಮೂರು, ಬದಲಿ ಜಾಗ ಮನೆಯಲ್ಲೇ ನಿರ್ಧಾರವಾಗಬೇಕು. ಗೇಟಿನ ಮುಂದೆ ಸಿಟ್ಟಿನಲ್ಲಿ ಅಲ್ಲ.

ನಾಲ್ಕು, ಹೆಸರಿಲ್ಲದ ಹಳ್ಳದ ಲೊಕೇಶನ್ ಹಾಕಿ ರೀಲ್ಸ್ ಬಿಡುವುದಿಲ್ಲ. ಅಂದು ನೋಡಿದ ರೀಲ್ಸ್‌ನ ಹುಡುಗನಿಗೆ ಮೆಸೇಜ್ ಮಾಡಿ ನಡೆದದ್ದು ಹೇಳಿದೆ. ಎರಡು ದಿನ ಬಿಟ್ಟು ಆತ ಲೊಕೇಶನ್ ತೆಗೆದ. ನಾನು ಹಾಗೆ ಕಾಲೇಜಿನ ಗ್ರೂಪುಗಳಲ್ಲಿ ಎಷ್ಟು ಹಳ್ಳಗಳ ಲೊಕೇಶನ್ ಹಂಚಿದ್ದೆನೋ, ಸಿಕ್ಕಷ್ಟನ್ನು ಅಳಿಸಿದೆ. ಎಲ್ಲವೂ ಸಿಗಲಿಲ್ಲ.

ಐದು, ಸಿಗ್ನಲ್ ಇಲ್ಲದ ಕಡೆ ನೀರಿಗಿಳಿಯುವುದಿಲ್ಲ.

ಗೆಳೆಯನ ವಿಷಯ ಹೇಳಿ ಮುಗಿಸುತ್ತೇನೆ. ಬಲಗೈಗೆ ಆರು ವಾರ ಪ್ಲಾಸ್ಟರ್. ಲ್ಯಾಬ್ ಪರೀಕ್ಷೆಯಲ್ಲಿ ಎಡಗೈಯಲ್ಲಿ ಸರ್ಕ್ಯೂಟ್ ಜೋಡಿಸಿದ, ಬರೆಯಲು ಸಹಾಯಕನನ್ನು ಕೇಳಬೇಕಾಯಿತು. ಮನೆಗೆ ಮೊದಲು ‘ಬಾತ್‌ರೂಮಲ್ಲಿ ಜಾರಿದೆ’ ಎಂದು ಹೇಳಿದ್ದ. ನಮ್ಮನ್ನು ಉಳಿಸಲೆಂದು ಹೇಳಿದ ಸುಳ್ಳು ಅದು. ನನಗೆ ಅದು ಕೈ ಮುರಿದದ್ದಕ್ಕಿಂತ ಭಾರವಾಗಿತ್ತು. ಹದಿನೈದು ದಿನದ ನಂತರ ಅವನ ಅಪ್ಪ ನೋಡಲು ಹಾವೇರಿಯಿಂದ ಬಂದರು. ರೊಟ್ಟಿ ಗಂಟು ಬಿಚ್ಚಿ ನಾಲ್ವರಿಗೂ ಹಂಚಿದರು. ತಿನ್ನಲಾಗದೆ ನಡೆದದ್ದೆಲ್ಲ ಹೇಳಿಬಿಟ್ಟೆ. ಗೇಟು, ಸಿಟ್ಟು, ಹಳ್ಳ, ನಾನೇ ಕರೆದುಕೊಂಡು ಹೋದದ್ದು.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಸುಮ್ಮನೆ ಕೇಳಿದರು: ‘ಆ ಬುಕ್ಕಿಂಗ್ ಮಾಡಾಕ ಎಷ್ಟ್ ಹೊತ್ತ್ ಬೇಕಾಗ್ತಿತ್ತಪಾ?’

‘ಐದು ನಿಮಿಷ’ ಎಂದೆ.

ಅವರು ಮಗನ ಪ್ಲಾಸ್ಟರ್ ನೋಡಿದರು. ‘ರೊಟ್ಟಿ ತಿನ್ರಿ, ಆರಿ ಹೊಕ್ಕಾವು’ ಎಂದರು.